ಎರಡನೆಯ ದನಿ ಯಾರದು?

ಕ್ಯಾಸೆಟ್ಟಿನ ಬಾಯಿಯ ಹತ್ತಿರ, ಟೇಪು ಹಾದುಹೋಗುವ ಜಾಗದಲ್ಲಿ, ತೆಳ್ಳನೆಯ ಲೋಹದ ಪಟ್ಟಿಯೊಂದರ ಮೇಲೆ ಉಣ್ಣೆಯ ಪುಟ್ಟ ತುಣುಕೊಂದನ್ನು ಅಂಟಿಸಿರುತ್ತಾರೆ. ಕಿರುಬೆರಳ ಉಗುರಿನ ಅರ್ಧದಷ್ಟೂ ಇರುವುದಿಲ್ಲ. ಟೇಪನ್ನು ಯಂತ್ರದ ಹೆಡ್ಡಿಗೆ ಮೆತ್ತಗೆ ಒತ್ತಿ ಹಿಡಿಯುವುದಷ್ಟೇ ಅದರ ಕೆಲಸ. ಮೂವತ್ತು ನಲವತ್ತು ವರ್ಷ ಕಳೆದರೆ ಅಂಟು ಒಣಗುತ್ತದೆ, ತುಣುಕು ಉದುರುತ್ತದೆ. ಟೇಪಿಗೆ ಏನೂ ಆಗಿರುವುದಿಲ್ಲ. ಹಾಡು ಮಾತ್ರ ಕಂಬಳಿ ಹೊದ್ದುಕೊಂಡು ಹಾಡಿದಂತೆ ಕೇಳುತ್ತದೆ.

ನನ್ನ ಸಣ್ಣತ್ತೆ 1986ರಲ್ಲಿ ಸಾಗರದ ಕಡೆಯ ಒಂದು ಮದುವೆಮನೆಯಲ್ಲಿ ಹಾಡಿದ ಹಸೆ ಹಾಡುಗಳ ಕ್ಯಾಸೆಟ್ಟು ನನ್ನ ಕೈಗೆ ಬಂದದ್ದು ಹೀಗೆ, ಕಂಬಳಿ ಹೊದ್ದುಕೊಂಡೇ. ರಿಪೇರಿ ಅಂಗಡಿಯವರು ತಿರುಗಿಸಿ ನೋಡಿ, "ಇವನ್ನೆಲ್ಲ ಈಗ ಯಾರು ಮುಟ್ತಾರೆ, ಬಿಡಿ" ಅಂದರು. ಮನೆಗೆ ಬಂದು, ಯಾರಿಗೂ ಬೇಡವಾದ ಒಂದು ಸಿನಿಮಾ ಹಾಡಿನ ಕ್ಯಾಸೆಟ್ಟಿನ ಸ್ಕ್ರೂ ಬಿಚ್ಚಿ, ಅದರ ಪಟ್ಟಿಯನ್ನು ಚಿಮುಟದಿಂದ ಎತ್ತಿ ಅತ್ತೆಯ ಕ್ಯಾಸೆಟ್ಟಿಗೆ ಕೂರಿಸಿದೆ. ಸಡಿಲಾಗಿದ್ದ ಟೇಪನ್ನು ಪೆನ್ಸಿಲ್ ಹಾಕಿ ತಿರುವಿ ಬಿಗಿ ಮಾಡಿದೆ. ಗುಂಡಿ ಒತ್ತಿದಾಗ ಮೊದಲು ಯಾರೋ ಪಾತ್ರೆ ಎಳೆದ ಸದ್ದು, ಆಮೇಲೆ ಮಗುವಿನ ಅಳು, ಆಮೇಲೆ ಅತ್ತೆ. ಮದುಮಗಳನ್ನು ಹಸೆಗೆ ಕರೆಯುವ ಹಾಡು. ಮೂರನೆಯ ಸೊಲ್ಲಿಗೆ ಇನ್ನೊಂದು ಹೆಣ್ಣುದನಿ ಸೇರಿಕೊಂಡಿತು. ಅತ್ತೆಗಿಂತ ವಯಸ್ಸಾದ, ಅತ್ತೆಗಿಂತ ಗಟ್ಟಿಯಾದ ದನಿ. ಅತ್ತೆ ಮರೆತಲ್ಲೆಲ್ಲ ಸೊಲ್ಲು ಎತ್ತಿಕೊಟ್ಟದ್ದು ಆಕೆಯೇ. ಅಂದರೆ ಹಾಡು ಗೊತ್ತಿದ್ದದ್ದು ಆಕೆಗೆ, ನಮ್ಮತ್ತೆ ಕಲಿಯುತ್ತಿದ್ದರು.

ಆಕೆ ಯಾರು? ಕ್ಯಾಸೆಟ್ಟಿನ ಮೇಲೆ ಬಾಲ್‌ಪೆನ್ನಿನಲ್ಲಿ "ಮದುವೆ ಹಾಡು – 2" ಎಂದಷ್ಟೇ ಇದೆ. ಅತ್ತೆ ತೀರಿಕೊಂಡು ಆರು ವರ್ಷವಾಯಿತು. ಅತ್ತೆಯ ಮಗಳಿಗೆ ಫೋನಿನಲ್ಲೇ ಕೇಳಿಸಿದೆ. "ದನಿ ಕೇಳಿದ್ದೀನಿ ಕಣೇ, ಆದ್ರೆ ಯಾರದ್ದು ಅಂತ ಹೊಳೀತಿಲ್ಲ" ಅಂದಳು. ಉಣ್ಣೆಯ ತುಣುಕನ್ನು ಇನ್ನೊಂದು ಕ್ಯಾಸೆಟ್ಟಿನಿಂದ ತೆಗೆದು ಹಾಕಬಹುದು. ಹೆಸರನ್ನು ಎಲ್ಲಿಂದ ತೆಗೆದು ಹಾಕುವುದು?

ಗಾಯಕಿ ಗೌಹರ್ ಜಾನ್ ಈ ತೊಂದರೆಯನ್ನು 1902ರಲ್ಲೇ ಬಗೆಹರಿಸಿಬಿಟ್ಟಿದ್ದರು. ಆ ವರ್ಷದ ನವೆಂಬರಿನಲ್ಲಿ ಕಲ್ಕತ್ತೆಯಲ್ಲಿ ಗ್ರಾಮಫೋನ್ ಕಂಪನಿಗಾಗಿ ಹಾಡಿದಾಗ, ಹಾಡು ಮುಗಿದ ಕೂಡಲೇ ತಮ್ಮ ಹೆಸರನ್ನು ತಾವೇ ಇಂಗ್ಲಿಷಿನಲ್ಲಿ ಘೋಷಿಸಿದರು. ಮುದ್ರಣವಾಗುತ್ತಿದ್ದದ್ದು ಜರ್ಮನಿಯ ಹ್ಯಾನೋವರಿನಲ್ಲಿ. ಅಲ್ಲಿನ ಕೆಲಸಗಾರರಿಗೆ ಯಾವ ತಟ್ಟೆಗೆ ಯಾರ ಹೆಸರಿನ ಚೀಟಿ ಅಂಟಿಸಬೇಕೆಂದು ತಿಳಿಯಲಿ ಎಂಬ ಕಾರಣಕ್ಕೆ ಇದು ರೂಢಿಗೆ ಬಂತು ಎನ್ನುತ್ತಾರೆ. ಕಾರಣ ಏನೇ ಇರಲಿ, ಚೀಟಿ ಹರಿದರೂ ಹೆಸರು ಹೋಗದಂತಾಯಿತು. ನಾಲ್ವಡಿ ಕೃಷ್ಣರಾಜ ಒಡೆಯರ ಆಸ್ಥಾನಕ್ಕೆ ಬಂದು, 1930ರ ಜನವರಿಯಲ್ಲಿ ಮೈಸೂರಿನಲ್ಲೇ ತೀರಿಕೊಂಡ ಆ ಗಾಯಕಿಯ ದನಿ, ಹೆಸರಿನ ಸಮೇತ ಇಂದಿಗೂ ಕೇಳುತ್ತದೆ. ಆ ತಟ್ಟೆ ಅರಗಿನಿಂದ ಮಾಡಿದ್ದು. ಕೈಜಾರಿದರೆ ಹೋಳಾಗುತ್ತದೆ, ನಿಜ. ಬೀಳಿಸದೆ ಇಟ್ಟರೆ ನೂರಿಪ್ಪತ್ತು ವರ್ಷ ಏನೂ ಅನ್ನುವುದಿಲ್ಲ. 1902ರ ತಟ್ಟೆ ಹಾಡುತ್ತಿದೆ, 1986ರ ಕ್ಯಾಸೆಟ್ಟು ಗೊರಗೊರ ಎನ್ನುತ್ತಿದೆ.

ಹಳೆಯದು ಮೊದಲು ಹೋಗುತ್ತದೆ, ಹೊಸದು ಉಳಿಯುತ್ತದೆ ಎಂಬುದು ನಮ್ಮೆಲ್ಲರ ಲೆಕ್ಕ. ದಾಖಲೆಯ ವಿಷಯದಲ್ಲಿ ಈ ಲೆಕ್ಕ ತಲೆಕೆಳಗು. ಅತ್ತಿಮಬ್ಬೆಯನ್ನು ಹೊಗಳುವ ಲಕ್ಕುಂಡಿಯ ಶಾಸನ 1007ನೆಯ ಇಸವಿಯದು. ಸಾವಿರ ವರ್ಷದ ಮಳೆಬಿಸಿಲು ಕಂಡೂ ಓದಲು ಬರುತ್ತದೆ. ತಾಳೆಗರಿ ಎಣ್ಣೆ ಸವರಿಸಿಕೊಂಡು ಕೆಲವು ನೂರು ವರ್ಷ ಬಾಳುತ್ತದೆ. ಚಿಂದಿಬಟ್ಟೆಯಿಂದ ಮಾಡಿದ ಹಳೆಯ ಕೈಕಾಗದ ಇನ್ನೂ ಮಡಚಲು ಬರುತ್ತದೆ. ಇಪ್ಪತ್ತನೆಯ ಶತಮಾನದ ಅಗ್ಗದ ಕಾಗದ ಮುರಿಯುತ್ತದೆ. ಎಂಬತ್ತರ ದಶಕದ ಟೇಪು ಅದಕ್ಕಿಂತ ಬೇಗ ಹೋಗುತ್ತದೆ. ತೊಂಬತ್ತರ ದಶಕದ ಫ್ಲಾಪಿ ಎಂದೋ ಹೋಗಿದೆ.

ಹೆಂಗಸರ ಚರಿತ್ರೆಗೆ ಈ ತಲೆಕೆಳಗು ಲೆಕ್ಕ ಎಲ್ಲರಿಗಿಂತ ಜೋರಾಗಿ ಹೊಡೆಯುತ್ತದೆ. ಕಲ್ಲಿನ ಮೇಲೆ ಹೆಸರು ಕೆತ್ತಿಸಿಕೊಂಡ ಹೆಣ್ಣು ಎಂದರೆ ಬಹುಮಟ್ಟಿಗೆ ರಾಣಿ, ದಂಡನಾಯಕನ ಹೆಂಡತಿ, ದಾನಕ್ಕೆ ಐಶ್ವರ್ಯವಿದ್ದವಳು, ಇಲ್ಲವೇ ಗಂಡನ ಚಿತೆಯೇರಿದವಳು. ಉಳಿದವರ ಮಾತು ಬಹುಪಾಲು ದಾಖಲೆಗೆ ಇಳಿದದ್ದು ಮಾಧ್ಯಮ ಅಗ್ಗವಾದ ಮೇಲೆ. ಅಗ್ಗದ ಅಚ್ಚು ಬಂತು, ಮಾಸಪತ್ರಿಕೆ ಬಂತು. ಎರಡಾಣೆಯ ನೋಟ್‌ಬುಕ್ಕು ಬಂತು, ಹಾಡು ಬರೆದಿಟ್ಟುಕೊಂಡರು. ಕ್ಯಾಸೆಟ್ಟು ಬಂತು, ದನಿ ಬಂತು. ಜೆರಾಕ್ಸ್, ಡಿಟಿಪಿ ಬಂತು, ಸಂಘಟನೆಗಳ ಕರಪತ್ರ ಬಂತು. ಅಗ್ಗವಾದದ್ದಕ್ಕೇ ಅವರ ಕೈಗೆ ಸಿಕ್ಕಿತು. ಅಗ್ಗವಾದದ್ದಕ್ಕೇ ಬಾಳಿಕೆ ಬಾರದು. ಇವು ಒಂದೊಂದೂ ಬೇರೆ ಬೇರೆ ಕಾಲಕ್ಕೆ ಹುಟ್ಟಿದವು, ಆದರೆ ಆಯುಸ್ಸು ಬೇರೆಬೇರೆಯಾದ್ದರಿಂದ ಎಲ್ಲದರ ಕೊನೆಗಾಲವೂ ಒಟ್ಟಿಗೇ ಬಂದು ನಿಂತಿದೆ. ನೂರು ವರ್ಷದ ಕಾಗದ, ಐವತ್ತು ವರ್ಷದ ಫಿಲ್ಮು, ನಲವತ್ತು ವರ್ಷದ ಟೇಪು, ಇಪ್ಪತ್ತೈದು ವರ್ಷದ ಕಂಪ್ಯೂಟರ್ ಕಡತ. ಮುಂದಿನ ಹತ್ತು ಹದಿನೈದು ವರ್ಷಗಳಲ್ಲಿ ಒಂದೇ ಬಾಗಿಲಿನಿಂದ ಹೊರಟುಹೋಗಲು ಸಾಲಾಗಿ ನಿಂತಿರುವುದು ಕರ್ನಾಟಕದ ಹೆಂಗಸರ ಒಂದು ಇಡೀ ಶತಮಾನ.

ಕಾಗದದಿಂದ ಶುರು ಮಾಡೋಣ, ಏಕೆಂದರೆ ಅದರ ಪುರಾವೆ ಚೆನ್ನಾಗಿದೆ. ನಂಜನಗೂಡು ತಿರುಮಲಾಂಬ ಹದಿನಾಲ್ಕನೆಯ ವಯಸ್ಸಿಗೇ ವಿಧವೆಯಾದವರು. 1913ರಲ್ಲಿ "ಸತೀಹಿತೈಷಿಣಿ" ಗ್ರಂಥಮಾಲೆ ಆರಂಭಿಸಿದರು, ಆಮೇಲೆ "ಕರ್ನಾಟಕ ನಂದಿನಿ" ಪತ್ರಿಕೆ ನಡೆಸಿದರು. ಕನ್ನಡ ಸಾಹಿತ್ಯ ಪರಿಷತ್ತು ಹುಟ್ಟುವುದಕ್ಕೆ ಎರಡು ವರ್ಷ ಮೊದಲೇ ಹೆಣ್ಣೊಬ್ಬಳು ಪ್ರಕಾಶಕಿಯಾಗಿದ್ದಳು ಎಂಬುದನ್ನು ಯಾಕೋ ನಾವು ಬಾಯಿಪಾಠ ಮಾಡಲಿಲ್ಲ. ಆರ್. ಕಲ್ಯಾಣಮ್ಮ 1921ರಲ್ಲಿ ಆರಂಭಿಸಿದ "ಸರಸ್ವತಿ" ನಾಲ್ಕು ದಶಕ ನಡೆಯಿತು. ತಿಂಗಳಿಗೊಂದರಂತೆ ಲೆಕ್ಕ ಹಾಕಿದರೂ ಐನೂರರ ಹತ್ತಿರ ಸಂಚಿಕೆ. ಆ ಕಾಲದ ಸಂಚಿಕೆಯೊಂದು ಯಾವುದಾದರೂ ಹಳೆಯ ಗ್ರಂಥಾಲಯದಲ್ಲಿ ಸಿಕ್ಕರೆ ಪುಟದ ಮೂಲೆಯನ್ನು ನೋಡಿ. ಅಂಚು ಟೀ ಡಿಕಾಕ್ಷನ್ ಬಣ್ಣಕ್ಕೆ ತಿರುಗಿರುತ್ತದೆ, ಓದಿ ಎದ್ದ ಮೇಲೆ ಮೇಜಿನ ಮೇಲೆ ಹಪ್ಪಳದ ಚೂರಿನಂಥದ್ದು ಬಿದ್ದಿರುತ್ತದೆ.

ಕಾರಣ ಕಾಗದದ ಹುಟ್ಟಿನಲ್ಲೇ ಇದೆ. ಹತ್ತೊಂಬತ್ತನೆಯ ಶತಮಾನದಲ್ಲಿ ಚಿಂದಿಬಟ್ಟೆ ಸಾಲದೆ ಮರದ ತಿರುಳಿನಿಂದ ಕಾಗದ ಮಾಡತೊಡಗಿದರು. ಮರವನ್ನು ಅರೆದು ಮಾಡಿದ ಅಗ್ಗದ ತಿರುಳಿನಲ್ಲಿ ಲಿಗ್ನಿನ್ ಉಳಿದುಬಿಡುತ್ತದೆ. ಬೆಳಕು ತಾಗಿ ಹಳದಿಯಾಗುವುದು ಅದೇ. ಶಾಯಿ ಹರಡದಿರಲೆಂದು ರಾಳ ಮತ್ತು ಪಟಿಕ ಸೇರಿಸುತ್ತಿದ್ದರು. ಪಟಿಕ ಗಾಳಿಯ ತೇವದೊಡನೆ ಸೇರಿ ಆಮ್ಲವಾಗುತ್ತದೆ. ಆ ಆಮ್ಲ ಸೆಲ್ಯುಲೋಸಿನ ಉದ್ದ ಸರಪಳಿಯನ್ನು ಕೊಂಡಿ ಕೊಂಡಿಯಾಗಿ ತುಂಡರಿಸುತ್ತದೆ. ಹೊರಗಿನಿಂದ ಹುಳ ಬರಬೇಕಾಗಿಲ್ಲ, ನೀರು ಬರಬೇಕಾಗಿಲ್ಲ. ಬೀರುವಿನಲ್ಲಿ ಬೀಗ ಹಾಕಿಟ್ಟ ಪುಸ್ತಕವೂ ತನ್ನನ್ನು ತಾನೇ ತಿನ್ನುತ್ತಿರುತ್ತದೆ. ಉಷ್ಣತೆ 5 ಡಿಗ್ರಿ ಸೆಲ್ಸಿಯಸ್ ಏರಿದರೆ ಈ ವೇಗ ಸುಮಾರಾಗಿ ಇಮ್ಮಡಿಯಾಗುತ್ತದೆ ಎಂಬುದು ಸಂರಕ್ಷಣೆ ಮಾಡುವವರು ಕೈಲೆಕ್ಕಕ್ಕೆ ಇಟ್ಟುಕೊಂಡ ಸೂತ್ರ. 20 ಡಿಗ್ರಿಯ ಕೋಣೆಯಲ್ಲಿ ನೂರು ವರ್ಷ ಬಾಳುವ ಹಾಳೆ, 30 ಡಿಗ್ರಿಯ ಕಲಬುರಗಿ ಅಟ್ಟದ ಮೇಲೆ ಇಪ್ಪತ್ತೈದು.

ಇಲ್ಲಿ ಒಂದು ಪ್ರಾಮಾಣಿಕ ಮಾತು ಹೇಳಬೇಕು. ಕಾಗದದ ಬಗ್ಗೆ ಹಿಂದೆಯೂ ದೊಡ್ಡ ಗಂಟೆ ಬಾರಿಸಿದ್ದಾರೆ. ಅಮೆರಿಕದ ವಿಲಿಯಂ ಬ್ಯಾರೋ 1900ರಿಂದ 1949ರವರೆಗಿನ 500 ಪುಸ್ತಕಗಳನ್ನು ಪರೀಕ್ಷಿಸಿ, ಅವುಗಳಲ್ಲಿ ಶೇಕಡಾ 97 ಪುಸ್ತಕಗಳು ಐವತ್ತು ವರ್ಷಕ್ಕಿಂತ ಹೆಚ್ಚು ಬಳಕೆಗೆ ಬರಲಾರವು ಎಂದು ಐವತ್ತರ ದಶಕದ ಕೊನೆಯಲ್ಲಿ ಹೇಳಿದರು. ಆ ಗಾಬರಿಯಲ್ಲಿ ಅಲ್ಲಿನ ಗ್ರಂಥಾಲಯಗಳು ಹಳೆಯ ವೃತ್ತಪತ್ರಿಕೆಗಳನ್ನು ಮೈಕ್ರೋಫಿಲ್ಮಿಗೆ ಇಳಿಸಿ ಮೂಲವನ್ನು ಮಾರಿದವು, ಎಸೆದವು. ಐವತ್ತು ವರ್ಷ ಕಳೆದು ನೋಡಿದರೆ ಬಹಳಷ್ಟು ಪುಸ್ತಕಗಳು ಕಪಾಟಿನಲ್ಲೇ ಇದ್ದವು. ಲೇಖಕ ನಿಕೋಲ್ಸನ್ ಬೇಕರ್ 2001ರಲ್ಲಿ ಒಂದು ಪುಸ್ತಕವನ್ನೇ ಬರೆದು ಈ ದುಡುಕನ್ನು ಝಾಡಿಸಿದ. ಅವನ ಮಾತಿನಲ್ಲಿ ಹುರುಳಿದೆ. ಮಡಚಿದರೆ ಮುರಿಯುವ ಹಾಳೆ ಬೇರೆ, ಪುಡಿಯಾದ ಹಾಳೆ ಬೇರೆ. ಮಡಚದೆ ಓದಿದರೆ ಅದು ಇನ್ನೂ ಹತ್ತಾರು ವರ್ಷ ಬರುತ್ತದೆ. ಹಾಗಂತ ಅಳತೆ ಸುಳ್ಳಾಗುವುದಿಲ್ಲ. ಯೇಲ್ ವಿಶ್ವವಿದ್ಯಾಲಯ ಎಂಬತ್ತರ ದಶಕದಲ್ಲಿ ತನ್ನ 36 ಸಾವಿರಕ್ಕೂ ಹೆಚ್ಚು ಪುಸ್ತಕಗಳ ಮಾದರಿ ತೆಗೆದು ನೋಡಿದಾಗ ಶೇಕಡಾ ಸುಮಾರು 37 ಗರಿಗರಿಯಾಗಿ ಮುರಿಯುವ ಸ್ಥಿತಿಯಲ್ಲಿದ್ದವು, ಶೇಕಡಾ ಸುಮಾರು 83 ಆಮ್ಲೀಯವಾಗಿದ್ದವು. ಅದು ತಂಪು ದೇಶದ, ಹಣವಂತ ಗ್ರಂಥಾಲಯದ, ಹಲವು ಪ್ರತಿಗಳಿರುವ ಪುಸ್ತಕಗಳ ಕಥೆ. ನಮ್ಮ "ಕರ್ನಾಟಕ ನಂದಿನಿ" ಹಾಗಲ್ಲ. ಬ್ಯಾರೋನ ತಪ್ಪು ನಮಗೆ ಸಮಾಧಾನ ಕೊಡುವುದು ನಮ್ಮ ಕಪಾಟುಗಳೂ ಅಲ್ಲಿನವುಗಳಷ್ಟು ತಣ್ಣಗಿದ್ದರೆ ಮಾತ್ರ.

ಮನೆಮದ್ದುಗಳ ವಿಷಯ ಬೇಗ ಮುಗಿಸುತ್ತೇನೆ. ನುಸಿಗುಳಿಗೆ ಹುಳವನ್ನು ಸ್ವಲ್ಪ ದೂರ ಇಟ್ಟೀತು, ಆಮ್ಲವನ್ನಲ್ಲ. ಸೆಲ್ಲೋಟೇಪು ಹಚ್ಚಿದ ಜಾಗ ಹತ್ತು ವರ್ಷಕ್ಕೆ ಕಂದು ಪಟ್ಟಿಯಾಗುತ್ತದೆ. ಅಜ್ಜಿಯ ಪತ್ರಕ್ಕೆ ಅಂಗಡಿಯಲ್ಲಿ ಬಿಸಿ ಲ್ಯಾಮಿನೇಶನ್ ಮಾಡಿಸುವುದಂತೂ ಆಮ್ಲವನ್ನು ಒಳಗಿಟ್ಟು ಬಾಗಿಲು ಮುಚ್ಚಿ ಬೆಸುಗೆ ಹಾಕಿದಂತೆ. ಮತ್ತೆ ಬಿಡಿಸಲು ಬರುವುದಿಲ್ಲ. ಒಣ, ತಂಪು, ಕತ್ತಲೆಯ ಜಾಗ, ಅಟ್ಟಕ್ಕಿಂತ ನಡುಮನೆಯ ಬೀರು, ಆಮ್ಲವಿಲ್ಲದ ಕಾಗದದ ಲಕೋಟೆ – ಇಷ್ಟು ಸಾಕು.

ಫಿಲ್ಮಿನ ಕಥೆಯಲ್ಲಿ ಭಾರತಕ್ಕೆ ಒಂದು ವಿಚಿತ್ರ ಗೌರವವಿದೆ. ಬೆಂಕಿ ಹಿಡಿಯುವ ನೈಟ್ರೇಟ್ ಫಿಲ್ಮಿಗೆ ಬದಲಾಗಿ 1948ರ ಸುಮಾರಿಗೆ ಬಂದ ಟ್ರೈ ಅಸಿಟೇಟ್ "ಸುರಕ್ಷಿತ ಫಿಲ್ಮು" ಎಂದೇ ಹೆಸರಾಗಿತ್ತು. ಹತ್ತು ವರ್ಷದೊಳಗೆ ಅದು ಕೊಳೆಯುತ್ತಿದೆ ಎಂದು ಕೊಡಕ್ ಕಂಪನಿಗೆ ಮೊದಲ ದೂರು ಹೋದದ್ದು ಭಾರತ ಸರ್ಕಾರದಿಂದ. ಸೆಕೆ ಮತ್ತು ತೇವಕ್ಕೆ ಅಸಿಟೇಟಿನಿಂದ ಅಸಿಟಿಕ್ ಆಮ್ಲ, ಅಂದರೆ ವಿನೆಗರಿನ ಹುಳಿ, ಬಿಡುಗಡೆಯಾಗುತ್ತದೆ. ಆ ಆಮ್ಲವೇ ಮುಂದಿನ ಕೊಳೆಯುವಿಕೆಯನ್ನು ಇನ್ನಷ್ಟು ಜೋರು ಮಾಡುತ್ತದೆ. ಒಂದು ಚಮಚ ಹೆಪ್ಪು ಪಾತ್ರೆ ತುಂಬ ಹಾಲನ್ನು ಮೊಸರು ಮಾಡುವ ಹಾಗೆ. ಕಪಾಟಿನಲ್ಲಿ ಒಂದು ಸುರುಳಿ ಹುಳಿದರೆ ಪಕ್ಕದ್ದೂ ಹುಳಿಯುತ್ತದೆ. 21 ಡಿಗ್ರಿ ಉಷ್ಣತೆ, ಶೇಕಡಾ 50 ತೇವದಲ್ಲಿ ಇಟ್ಟ ಹೊಸ ಫಿಲ್ಮು ಹುಳಿಯಲು ಸುಮಾರು 40 ವರ್ಷ ತೆಗೆದುಕೊಳ್ಳುತ್ತದೆಂದು ಪ್ರಯೋಗಗಳು ಹೇಳುತ್ತವೆ. ಮಂಗಳೂರಿನ ಮಳೆಗಾಲದ ತೇವ 80 ದಾಟುವುದು ಅಲ್ಲಿನವರಿಗೆ ಸುದ್ದಿಯೇ ಅಲ್ಲ. ನಿಮ್ಮ ಮನೆಯ ಬಿಸ್ಕತ್ತು ಡಬ್ಬಿಯಲ್ಲಿ ಹಳೆಯ ಕಪ್ಪುಬಿಳುಪು ನೆಗೆಟಿವ್‌ಗಳಿದ್ದರೆ ಮುಚ್ಚಳ ತೆಗೆದು ಮೂಸಿ ನೋಡಿ. ಉಪ್ಪಿನಕಾಯಿ ಭರಣಿಯ ವಾಸನೆ ಬಂದರೆ ಕೆಲಸ ಶುರುವಾಗಿಬಿಟ್ಟಿದೆ.

ಕನ್ನಡದ ಮೊದಲ ಟಾಕಿ "ಸತಿ ಸುಲೋಚನಾ" 1934ರ ಮಾರ್ಚಿನಲ್ಲಿ ತೆರೆಗೆ ಬಂತು. ಅದರ ನಾಯಕಿ ತ್ರಿಪುರಾಂಬ. ಆ ಚಿತ್ರದ ಒಂದು ಪ್ರತಿಯೂ ಉಳಿದಿಲ್ಲ. ಕನ್ನಡ ತೆರೆಯ ಮೇಲೆ ಮೊದಲು ಮಾತಾಡಿದ ನಾಯಕಿಯ ದನಿ ಹೇಗಿತ್ತೆಂದು ಇನ್ನು ಯಾರೂ ಹೇಳಲಾರರು. ಅದು ನೈಟ್ರೇಟಿನ ಕಾಲ, ಅಂದಿನವರಿಗೆ ತಿಳಿದಿರಲಿಲ್ಲ ಎನ್ನಬಹುದು. ನಮಗೆ ತಿಳಿದಿದೆ.

ಟೇಪಿಗಾದರೆ ತಾರೀಕೇ ಕೊಟ್ಟಿದ್ದರು. ಆಸ್ಟ್ರೇಲಿಯಾದ ರಾಷ್ಟ್ರೀಯ ಫಿಲ್ಮ್ ಮತ್ತು ಧ್ವನಿ ಪತ್ರಾಗಾರ 2015ರಲ್ಲಿ ಒಂದು ವರದಿ ಹೊರಡಿಸಿತು. 2025ರೊಳಗೆ ಡಿಜಿಟಲ್ ಮಾಡದ ಟೇಪುಗಳನ್ನು ಬಹುಮಟ್ಟಿಗೆ ಕಳೆದುಕೊಂಡಂತೆಯೇ ಎಂಬುದು ಅದರ ಸಾರ. ಯುನೆಸ್ಕೋ ಮತ್ತು ಧ್ವನಿ ಪತ್ರಾಗಾರಗಳ ಅಂತರರಾಷ್ಟ್ರೀಯ ಸಂಘ ಸೇರಿ 2019–20ರಲ್ಲಿ ಅದೇ ಎಚ್ಚರಿಕೆಯನ್ನು ಲೋಕಕ್ಕೆಲ್ಲ ಹೇಳಿದವು. ಟೇಪು ಆ ದಿನ ಬೂದಿಯಾಗುತ್ತದೆ ಎಂದು ಇದರ ಅರ್ಥವಲ್ಲ. ಪ್ಲಾಸ್ಟಿಕ್ ಪಟ್ಟಿ ಇನ್ನೂ ಗಟ್ಟಿಯಾಗಿರುತ್ತದೆ; ಕಾಂತೀಯ ಪುಡಿಯನ್ನು ಹಿಡಿದಿಟ್ಟ ಅಂಟು ಕೆಲವು ಬಗೆಯ ದೊಡ್ಡ ರೀಲುಗಳಲ್ಲಿ ತೇವ ಹೀರಿ ಬೆಲ್ಲದಂತೆ ಜಿಗುಟಾಗುತ್ತದೆ, ಉಳಿದವುಗಳಲ್ಲಿ ಬೂಷ್ಟು ಬೆಳೆಯುತ್ತದೆ. ನಿಜವಾಗಿ ಸಾಯುತ್ತಿರುವುದು ಯಂತ್ರ. ಕೊನೆಯ ವಿಸಿಆರ್ ತಯಾರಕ ಕಂಪನಿಯಾದ ಜಪಾನಿನ ಫುನಾಯ್ 2016ರ ಜುಲೈನಲ್ಲಿ ಅದರ ತಯಾರಿಕೆ ನಿಲ್ಲಿಸಿತು. ಬೆಲ್ಟು ಸಿಗುವುದಿಲ್ಲ, ಹೆಡ್ಡು ಸಿಗುವುದಿಲ್ಲ, ಹೆಡ್ಡಿನ ಓರೆಯನ್ನು ಸ್ಕ್ರೂಡ್ರೈವರಿನಲ್ಲಿ ತಿರುವಿ ಸರಿಮಾಡಬಲ್ಲ ಮೆಕ್ಯಾನಿಕ್ಕಿಗೆ ಅರವತ್ತು ದಾಟಿದೆ. ಇನ್ನೊಂದು ಕಷ್ಟ ಕಾಲದ್ದು. ಕಾಗದವನ್ನು ಕ್ಷಣದಲ್ಲಿ ಫೋಟೋ ತೆಗೆಯಬಹುದು, ಟೇಪು ಓಡುವಷ್ಟು ಹೊತ್ತು ಓಡಲೇಬೇಕು. ಒಂದು ಜನಪದ ವಿಭಾಗದಲ್ಲಿ ತೊಂಬತ್ತು ನಿಮಿಷದ ಸಾವಿರ ಕ್ಯಾಸೆಟ್ಟಿದ್ದರೆ 1500 ಗಂಟೆ; ಒಂದೇ ಯಂತ್ರ ದಿನಕ್ಕೆ ಆರು ಗಂಟೆ ದುಡಿದರೆ 250 ಕೆಲಸದ ದಿನ. ಅಂದರೆ ಒಂದು ವರ್ಷ, ಅದೂ ಒಂದು ಬೆಲ್ಟೂ ಹರಿಯದಿದ್ದರೆ.

ಸಾವಿರ ಕ್ಯಾಸೆಟ್ಟು ಎಲ್ಲಿವೆ ಅನ್ನುತ್ತೀರಾ? ಎಪ್ಪತ್ತರ ದಶಕದಿಂದ ಈಚೆಗೆ ಪಿಎಚ್‌ಡಿಗೆ, ಎಂ.ಫಿಲ್‌ಗೆ ಹಳ್ಳಿ ಹಳ್ಳಿ ತಿರುಗಿ ಬೀಸುವ ಪದ, ಸೋಬಾನೆ ಪದ ಧ್ವನಿಮುದ್ರಿಸಿಕೊಂಡವರ ಮನೆಯ ಷೋಕೇಸಿನ ಕೆಳಗಿನ ಖಾನೆಯಲ್ಲಿವೆ. ಪ್ರಬಂಧ ಅಚ್ಚಾಯಿತು, ಪದವಿ ಬಂತು, ನಿವೃತ್ತಿಯೂ ಆಯಿತು. ಹಾಡು ಅಕ್ಷರಕ್ಕೆ ಬಂದರೆ ಸಾಕಲ್ಲ ಎಂಬ ಭಾವನೆ. ಆದರೆ ಹಾಡಿದಾಕೆ ಎಲ್ಲಿ ಉಸಿರು ತೆಗೆದುಕೊಂಡಳು, ಗಂಡಸರು ಒಳಗೆ ಬಂದಾಗ ಯಾವ ಸಾಲನ್ನು ನುಂಗಿಕೊಂಡಳು ಎಂಬುದು ಅಕ್ಷರಕ್ಕೆ ಬರುವುದಿಲ್ಲ.

ಎಲ್ಲಕ್ಕಿಂತ ಸದ್ದಿಲ್ಲದೆ ಹೋಗುತ್ತಿರುವುದು ತೊಂಬತ್ತರ ದಶಕದ ಕಂಪ್ಯೂಟರ್ ಕಡತ. ಇದನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಮಹಿಳಾ ಸಂಘಟನೆಗಳ ಕರಪತ್ರ, ವರದಕ್ಷಿಣೆ ಸಾವುಗಳ ಬಗ್ಗೆ ವರದಿ, ಸಾರಾಯಿ ವಿರೋಧಿ ಸಭೆಗಳ ಆಹ್ವಾನ, ಸಣ್ಣ ಪತ್ರಿಕೆಗಳು ಡಿಟಿಪಿ ಅಂಗಡಿಗಳಲ್ಲಿ ಪೇಜ್‌ಮೇಕರಿನಲ್ಲಿ ತಯಾರಾದವು. ಯೂನಿಕೋಡಿನಲ್ಲಿ ಕನ್ನಡಕ್ಕೆ 1991ರಲ್ಲೇ ಜಾಗ ಸಿಕ್ಕಿತ್ತು, ನಿಜ. ಸಾಮಾನ್ಯ ಕಂಪ್ಯೂಟರಿಗೆ ಅದು ತಿಳಿಯುವಂತಾದದ್ದು 2001ರ ವಿಂಡೋಸ್ ಎಕ್ಸ್‌ಪಿಯಿಂದ. ಅಲ್ಲಿಯವರೆಗೆ, ಆಮೇಲೂ ಬಹಳ ವರ್ಷ, ಕನ್ನಡ ಫಾಂಟ್ ಎಂದರೆ ಒಂದು ವೇಷ. ರೋಮನ್ ಅಕ್ಷರದ ಮನೆಗಳಲ್ಲಿ ಕನ್ನಡದ ತಲೆಕಟ್ಟು, ಕೊಂಬು, ಒತ್ತುಗಳನ್ನು ಕೂರಿಸುತ್ತಿದ್ದರು. ಒಂದೊಂದು ಕಂಪನಿ ಒಂದೊಂದು ಮನೆಯಲ್ಲಿ. ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ವೇಷ ಕಳಚುತ್ತದೆ. ತಲೆಯ ಮೇಲೆ ಚುಕ್ಕಿ, ಟೋಪಿ ಹಾಕಿಕೊಂಡ ರೋಮನ್ ಅಕ್ಷರಗಳ ಜಾತ್ರೆ ಕಾಣುತ್ತದೆ. ನುಡಿ, ಬರಹದಂಥ ಹೆಸರಾದ ಫಾಂಟುಗಳಿಗೆ ಪರಿವರ್ತಕಗಳಿವೆ, ಪುಣ್ಯ. ಹೆಸರೇ ಮರೆತುಹೋದ ಕಂಪನಿಯ ಫಾಂಟಾದರೆ ಆ ಕಡತ ಇದ್ದೂ ಇಲ್ಲ. ಇನ್ನು ಅದು ಕೂತಿರುವ ಫ್ಲಾಪಿ. 1.44 ಎಂಬಿಯ ಆ ಚೌಕವನ್ನು ಸೋನಿ 2011ರಲ್ಲೇ ಮಾಡುವುದು ನಿಲ್ಲಿಸಿತು. ಅಚ್ಚಾದ ಪ್ರತಿಯೇ ಇದ್ದರೆ ಬಚಾವು. ಕರಪತ್ರವನ್ನು ಯಾರು ಕಟ್ಟಿಡುತ್ತಾರೆ?

ಸರ್ಕಾರಿ ಪತ್ರಾಗಾರ ಇದೆಯಲ್ಲ ಎಂದು ಯಾರಾದರೂ ಕೇಳಿಯಾರು. ಇದೆ. ಆದರೆ ಪತ್ರಾಗಾರದ ಹುಟ್ಟುಗುಣವೇ ಕಚೇರಿಯ ಕಡತ ಕಾಯುವುದು. 1993ರ ಸಾರ್ವಜನಿಕ ದಾಖಲೆಗಳ ಕಾಯ್ದೆ ಕೇಂದ್ರ ಸರ್ಕಾರದ ಕಚೇರಿಗಳ ದಾಖಲೆಗೆ ರಕ್ಷಣೆ ಕೊಡುತ್ತದೆ. ಹೆಣ್ಣಿನ ಹಾಡಿನ ಪುಸ್ತಕ ಯಾವ ಕಚೇರಿಯದೂ ಅಲ್ಲ. ಕಡತದಲ್ಲಿ ಹೆಂಗಸು ಕಾಣಿಸಿಕೊಳ್ಳುವುದು ಅರ್ಜಿದಾರಳಾಗಿ, ವಿಧವೆಯಾಗಿ, ಆರೋಪಿಯಾಗಿ, ಇಂಥವರ ಹೆಂಡತಿಯಾಗಿ. ಈ ಕೊರತೆ ತುಂಬಲೆಂದೇ 1988ರಲ್ಲಿ ಮುಂಬಯಿಯಲ್ಲಿ "ಸ್ಪ್ಯಾರೋ" ಹುಟ್ಟಿತು. ಬೆಂಗಳೂರಿನಲ್ಲೂ ಬೆಳೆದ ತಮಿಳು ಲೇಖಕಿ ಅಂಬೈ, ನೀರಾ ದೇಸಾಯಿ, ಮೈತ್ರೇಯಿ ಕೃಷ್ಣರಾಜ್ ಸೇರಿ ಕಟ್ಟಿದ ಆ ಪತ್ರಾಗಾರ ಹೆಂಗಸರ ದನಿ, ಚಿತ್ರ, ಭಿತ್ತಿಪತ್ರಗಳನ್ನೇ ದಾಖಲೆ ಎಂದು ಕರೆಯಿತು. ಬೆಂಗಳೂರಿನಲ್ಲಿ ಚಿ. ನ. ಮಂಗಳಾ ಎನ್‌ಎಂಕೆಆರ್‌ವಿ ಕಾಲೇಜಿನಲ್ಲಿ "ಶಾಶ್ವತಿ" ಎಂಬ ಮಹಿಳಾ ಕೇಂದ್ರವನ್ನು ಕಟ್ಟಿದರು. ಸಾಹಿತ್ಯಲೋಕ ಹೆಚ್ಚುಕಡಿಮೆ ಮರೆತೇಬಿಟ್ಟಿದ್ದ ತಿರುಮಲಾಂಬರ ಬಗ್ಗೆ ಬರೆದು ನೆನಪಿಸಿದವರೂ ಅವರೇ. ಇಂಥವು ಬೆರಳೆಣಿಕೆ, ಜಿಲ್ಲೆಗೊಂದಂತೂ ಇಲ್ಲ.

ಕಚೇರಿಯ ಕಡತದಲ್ಲೇ ಇರುವ ಹೆಂಗಸರ ಚರಿತ್ರೆಯೂ ಭದ್ರವಲ್ಲ. 1983ರ ಕಾಯ್ದೆಯಂತೆ 1987ರ ಜನವರಿಯಲ್ಲಿ ಕರ್ನಾಟಕದಲ್ಲಿ ಜಿಲ್ಲಾ ಪರಿಷತ್ತು, ಮಂಡಲ ಪಂಚಾಯ್ತಿ ಚುನಾವಣೆ ನಡೆಯಿತು. ಹೆಂಗಸರಿಗೆ ಶೇಕಡಾ 25 ಮೀಸಲು. ದೇಶದ ಸಂವಿಧಾನಕ್ಕೆ ಮೂರನೆಯ ಒಂದು ಭಾಗದ ಮಾತು ಬರುವುದಕ್ಕೆ ಆರು ವರ್ಷ ಮೊದಲೇ ಸಾವಿರಾರು ಹೆಂಗಸರು ಸಭೆಯ ಚಾಪೆಯ ಮೇಲೆ ಕೂತರು. ಅವರು ಕೂತದ್ದಕ್ಕೆ ಸಾಕ್ಷಿ ನಡಾವಳಿ ಪುಸ್ತಕ. ಕಾರ್ಯದರ್ಶಿಯ ಕೈಬರಹ, ಕೆಳಗೆ ಸಹಿಗಳು, ಸಹಿಗಳ ನಡುವೆ ನೇರಳೆ ಶಾಯಿಯ ಹೆಬ್ಬೆಟ್ಟು, ಹೆಬ್ಬೆಟ್ಟಿನ ಸುತ್ತ ಬೇರೆಯವರು ಬರೆದ ಹೆಸರು. ವರ್ಷ ಕಳೆದಂತೆ ಕೆಲವು ಹೆಬ್ಬೆಟ್ಟುಗಳು ಅಂಕುಡೊಂಕು ಸಹಿಯಾಗುವುದನ್ನು ಅಂಥ ಪುಸ್ತಕದಲ್ಲಿ ಕಣ್ಣಾರೆ ನೋಡಬಹುದು. ಯಾವ ಸಮಾಜಶಾಸ್ತ್ರದ ಗ್ರಂಥವೂ ಇಷ್ಟು ನೇರವಾಗಿ ಹೇಳಲಾರದು. 1993ರ ಹೊಸ ಕಾಯ್ದೆಯೊಂದಿಗೆ ಮಂಡಲ ಪಂಚಾಯ್ತಿಯೇ ಹೋಯಿತು. ಕಚೇರಿ ಹೋದ ಮೇಲೆ ಅದರ ಗಂಟುಗಳ ಗತಿ ಏನೆಂದು ಕಚೇರಿ ಕಂಡವರಿಗೆ ಗೊತ್ತು: ಮೊದಲು ಮೂಲೆ, ಆಮೇಲೆ ಹಿತ್ತಿಲ ಕೋಣೆ, ಆಮೇಲೆ ಗೆದ್ದಲು, ಕೊನೆಗೆ ರದ್ದಿ. 2000ದ ಇಸವಿಯ ನಂತರದ ಸ್ತ್ರೀಶಕ್ತಿ ಗುಂಪುಗಳ ಪುಸ್ತಕಗಳೂ ಅದೇ ಸಾಲಿನಲ್ಲಿವೆ. ಸಾಲ ತೀರಿತು, ಗುಂಪು ಮುರಿಯಿತು, ಪುಸ್ತಕ ಒಲೆಗೆ.

ಹೆಸರಿನ ವಿಷಯಕ್ಕೆ ಮರಳುತ್ತೇನೆ, ಏಕೆಂದರೆ ವಸ್ತು ಉಳಿದರೂ ಹೆಸರು ಹೋದರೆ ಹುಡುಕುವವಳಿಗೆ ಅದು ಸಿಗುವುದೇ ಇಲ್ಲ. ಕೊಡಗಿನ ಗೌರಮ್ಮ ಬರೆದದ್ದು "ಮಿಸೆಸ್ ಬಿ. ಟಿ. ಜಿ. ಕೃಷ್ಣ" ಎಂಬ ಹೆಸರಿನಲ್ಲಿ. 1939ರಲ್ಲಿ ಇಪ್ಪತ್ತೇಳರ ವಯಸ್ಸಿಗೆ ನೀರುಪಾಲಾದ ಮೇಲೆ "ಕಂಬನಿ" ಪುಸ್ತಕವಾಗಿ ಬಂತು. ಕಥೆಗಳನ್ನು ಒಟ್ಟುಮಾಡುವವರು ಇದ್ದದ್ದರಿಂದ ಇಂದು ಗೌರಮ್ಮ ಗೌರಮ್ಮನಾಗಿ ಉಳಿದಿದ್ದಾರೆ. ತ್ರಿವೇಣಿ ಎಂದರೆ ಅನಸೂಯಾ ಶಂಕರ್ ಎಂದು, ಗಿರಿಬಾಲೆ ಎಂದರೆ ಸರಸ್ವತಿಬಾಯಿ ರಾಜವಾಡೆ ಎಂದು ನಮಗೆ ತಿಳಿದಿದೆ. ಹಳೆಯ ಪತ್ರಿಕೆಗಳಲ್ಲಿ "ಓರ್ವ ಸೋದರಿ" ಎಂದು ಸಹಿ ಹಾಕಿದವರೆಲ್ಲ ಯಾರು? ತಂಜಾವೂರಿನ ಮುದ್ದುಪಳನಿಯ ತೆಲುಗು ಕಾವ್ಯ "ರಾಧಿಕಾ ಸಾಂತ್ವನಮು" ಹತ್ತೊಂಬತ್ತನೆಯ ಶತಮಾನದಲ್ಲಿ ಅಚ್ಚಾದಾಗ, ಆಕೆ ತನ್ನ ಅಜ್ಜಿಯಿಂದ ಹಿಡಿದು ವಂಶ ಹೇಳಿಕೊಂಡ ಪೀಠಿಕೆಯನ್ನೇ ಕಿತ್ತುಹಾಕಿದ್ದರು. ಅದನ್ನು ಹಸ್ತಪ್ರತಿ ಹುಡುಕಿ ಮತ್ತೆ ಸೇರಿಸಿ 1910ರಲ್ಲಿ ಪ್ರಕಟಿಸಿದವರು ಬೆಂಗಳೂರು ನಾಗರತ್ನಮ್ಮ. ಅಶ್ಲೀಲವೆಂದು ಬ್ರಿಟಿಷ್ ಸರ್ಕಾರ ಪ್ರತಿಗಳನ್ನು ವಶಪಡಿಸಿಕೊಂಡಿತು. ನಿಷೇಧ ಹೋದದ್ದು ಸ್ವಾತಂತ್ರ್ಯದ ಹೊತ್ತಿಗೆ. ಈ ನಾಗರತ್ನಮ್ಮನೂ ಹುಟ್ಟಿದ್ದು ನಂಜನಗೂಡಿನಲ್ಲೇ, ತಿರುಮಲಾಂಬರಿಗಿಂತ ಒಂಬತ್ತು ವರ್ಷ ಮೊದಲು. ಕಪಿಲೆಯ ನೀರಿನಲ್ಲಿ ಏನೋ ಇದ್ದಿರಬೇಕು.

ಉಳಿಸುವ ತಂತ್ರ ನಮಗೆ ಹೊಸದೇನಲ್ಲ. ಅತ್ತಿಮಬ್ಬೆ ಪೊನ್ನನ "ಶಾಂತಿಪುರಾಣ"ವನ್ನು ಸಾವಿರ ಪ್ರತಿ ಮಾಡಿಸಿ ಹಂಚಿದಳು ಎಂಬುದು ನಮ್ಮ ಶಾಲೆಯ ಪಾಠ. ಅದನ್ನು ದಾನದ ಕಥೆಯಾಗಿ ಓದಿಸಿದರು. ಪತ್ರಾಗಾರದವರ ಕಣ್ಣಿನಲ್ಲಿ ಅದು ಬೇರೆಯೇ ಕಾಣುತ್ತದೆ. ಪೊನ್ನನ "ಶಾಂತಿಪುರಾಣ" ಇಂದು ನಮ್ಮ ಕೈಯಲ್ಲಿದೆ. ಅದೇ ಪೊನ್ನನ "ಭುವನೈಕ ರಾಮಾಭ್ಯುದಯ" ಇಲ್ಲ. ಒಂದು ಉದಾಹರಣೆಯಿಂದ ನಿಯಮ ಮಾಡಲಾಗದು, ಒಪ್ಪಿದೆ. ಆದರೂ ಪ್ರತಿ ಹೆಚ್ಚಿದ್ದದ್ದು ಉಳಿಯಿತು, ಇಲ್ಲದ್ದು ಅಳಿಯಿತು ಎನ್ನುವುದಕ್ಕೆ ಇದಕ್ಕಿಂತ ಹಳೆಯ ಕನ್ನಡ ಸಾಕ್ಷಿ ನನಗೆ ಗೊತ್ತಿಲ್ಲ. ಎದುರು ಸಾಕ್ಷಿ ಆಮ್‌ಸ್ಟರ್‌ಡ್ಯಾಮಿನಲ್ಲಿದೆ. 1935ರಲ್ಲಿ ಅಲ್ಲಿ ಕಟ್ಟಿದ ಮಹಿಳಾ ಚಳವಳಿಯ ಅಂತರರಾಷ್ಟ್ರೀಯ ಪತ್ರಾಗಾರವನ್ನು 1940ರಲ್ಲಿ ನಾಜಿಗಳು ಹೊತ್ತುಕೊಂಡು ಹೋದರು. ಒಂದಷ್ಟು 1992ರಲ್ಲಿ ಮಾಸ್ಕೋದಲ್ಲಿ ಪತ್ತೆಯಾಯಿತು, 2003ರಲ್ಲಿ ಮರಳಿತು. ಒಂದೇ ಊರಲ್ಲಿ ಒಂದೇ ಪ್ರತಿ ಇದ್ದರೆ ಗತಿ ಇದು.

ಹಾಗಾದರೆ ಎಲ್ಲವನ್ನೂ ಫೋನಿನಲ್ಲಿ ಫೋಟೋ ಹೊಡೆದರಾಯಿತೇ? ಹೊಡೆಯಿರಿ, ಖಂಡಿತ. ಆದರೆ ಮೂಲವನ್ನು ರದ್ದಿಗೆ ಹಾಕಬೇಡಿ. ಅಮೆರಿಕದವರ ಮೈಕ್ರೋಫಿಲ್ಮಿನ ಪಶ್ಚಾತ್ತಾಪ ನಮಗೆ ಬೇಡ. ವಾಟ್ಸ್‌ಆ್ಯಪಿನಲ್ಲಿ ಕಳಿಸಿದ ಚಿತ್ರ ಕುಗ್ಗಿಹೋಗುತ್ತದೆ, ಮೂಲ ಗಾತ್ರದ ಕಡತವನ್ನೇ ಮೂರು ಬೇರೆ ಕಡೆ, ಕನಿಷ್ಠ ಎರಡು ಬೇರೆ ಊರಿನಲ್ಲಿ ಇಡಿ. ಎಲ್ಲಕ್ಕಿಂತ ಮುಖ್ಯ, ಗೌಹರ್ ಜಾನ್ ಮಾಡಿದ್ದನ್ನು ಮಾಡಿ. ಇಂದು ಅಜ್ಜಿಯ ಹಾಡು ಫೋನಿನಲ್ಲಿ ಹಿಡಿಯುವವರು ಮೊದಲು ಅಜ್ಜಿಯ ಬಾಯಿಂದಲೇ ಅವರ ಹೆಸರು, ಹುಟ್ಟಿದೂರು, ಹಾಡು ಕಲಿಸಿದವರ ಹೆಸರು ಹೇಳಿಸಿ, ಆಮೇಲೆ ಹಾಡಿಸಿ. ಕಡತದ ಹೆಸರು ಬದಲಾಗಬಹುದು, ಫೋನು ಬದಲಾಗಬಹುದು. ಧ್ವನಿಯೊಳಗೇ ಕೂತ ಹೆಸರನ್ನು ಅಳಿಸುವುದು ಕಷ್ಟ. ಅಂಕೋಲಾದ ಬಡಗೇರಿಯ ಹಾಲಕ್ಕಿ ಹಾಡುಗಾರ್ತಿ ಸುಕ್ರಿ ಬೊಮ್ಮಗೌಡರಿಗೆ 2017ರಲ್ಲಿ ಪದ್ಮಶ್ರೀ ಬಂತು, 2025ರ ಫೆಬ್ರವರಿಯಲ್ಲಿ ಅವರು ತೀರಿಕೊಂಡರು. ಅವರ ಹೆಸರು ಎಲ್ಲರಿಗೂ ಗೊತ್ತು. ಅವರ ಎಡಬಲಕ್ಕೆ ಕೂತು ದನಿಗೂಡಿಸಿದವರದು?

ನಮ್ಮ ಅತ್ತೆಯ ಕ್ಯಾಸೆಟ್ಟಿನ ಎ ಬದಿ ಈಗ ಕಂಪ್ಯೂಟರಿಗೆ ಇಳಿದಿದೆ. ಬಿ ಬದಿ ಶುರುವಾಗುವಾಗ ಯಂತ್ರದ ಬೆಲ್ಟು ಸಡಿಲವಾಗಿ ಅತ್ತೆಯ ದನಿ ಗಂಡಸಿನ ದನಿಯಂತೆ ಎಳೆಯತೊಡಗಿತು, ತಕ್ಷಣ ನಿಲ್ಲಿಸಿದೆ. ಬೆಲ್ಟಿಗೆ ಹೇಳಿಟ್ಟಿದ್ದೇನೆ. ಸೊರಬದ ಹತ್ತಿರ ಆ ಮದುವೆಯಲ್ಲಿದ್ದ ದೊಡ್ಡಮ್ಮ ಒಬ್ಬರಿದ್ದಾರೆ, ತೊಂಬತ್ತೊಂದು ವರ್ಷ. ಕಣ್ಣು ಮಂಜು, ಕಿವಿ ಪರವಾಗಿಲ್ಲವಂತೆ. ಎ ಬದಿಯನ್ನು ಫೋನಿಗೆ ಹಾಕಿಕೊಂಡು, ಜೋರಾಗಿ ಕೇಳಿಸಲು ಸಣ್ಣದೊಂದು ಸ್ಪೀಕರ್ ತೆಗೆದುಕೊಂಡು ಭಾನುವಾರ ಬೆಳಗಿನ ಬಸ್ಸಿಗೆ ಹೋಗುತ್ತಿದ್ದೇನೆ. ಬೆಲ್ಟು ಬರುವವರೆಗೆ ಕಾಯುವುದು ಬೇಡ ಅನ್ನಿಸಿತು.